‘ಮೇಕ್ ಅಪ್’: ಒಂದು ಇಂಗ್ಲಿಷ್ ಪದಗುಚ್ಛ ಕ್ರಿಯಾಪದದ ಅರ್ಥ ಮತ್ತು ಬಳಕೆ

ಪ್ರವೇಶ

ಇಂಗ್ಲಿಷಿನಲ್ಲಿ ‘ದೇ ಮೇಡ್ ಇಟ್ ಅಪ್’ ಎಂಬ ನಾಲ್ಕು ಪದಗಳ ವಾಕ್ಯವೊಂದನ್ನು ಪರಿಭಾವಿಸೋಣ. ಇದನ್ನು ‘ಅವರು ಅದನ್ನು ಕಟ್ಟಿ ಹೇಳಿದರು’ ಎಂದು ಕನ್ನಡಿಸಬಹುದು. ‘ಅವರು ರಾಜಿಯಾದರು’ ಎಂದೂ ಕನ್ನಡಿಸಬಹುದು. ಇಂಗ್ಲಿಷಿನ ಬಳಕೆಗೆ ಎರಡೂ ಸಮ್ಮತವೇ. ಆದರೆ ಮೊದಲನೆಯ ಅನುವಾದದಲ್ಲಿ ಆ ಇಬ್ಬರು ಸುಳ್ಳುಗಾರರು. ಎರಡನೆಯದರಲ್ಲಿ ಜಗಳ ಮರೆತು ಒಂದಾದವರು. ಕಾದಂಬರಿಯೊಂದರ ಅನುವಾದದಲ್ಲಿ ಈ ಆಯ್ಕೆ ತಪ್ಪಿದರೆ ಪಾತ್ರದ ಶೀಲವೇ ಬದಲಾಗುತ್ತದೆ. ಪತ್ರವೊಂದರ ಅಥವಾ ಹೇಳಿಕೆಯೊಂದರ ಅನುವಾದದಲ್ಲಿ ತಪ್ಪಿದರೆ ಅದರ ಪರಿಣಾಮ ಪುಟದ ಹೊರಗೂ ಉಂಟಾಗುತ್ತದೆ.

ಈ ಗೊಂದಲಕ್ಕೆ ಕಾರಣವಾದುದು ‘ಮೇಕ್ ಅಪ್’ ಎಂಬ ಪದಗುಚ್ಛ. ಇದರ ಎರಡು ಘಟಕಗಳಾದ ‘ಮೇಕ್’ ಮತ್ತು ‘ಅಪ್’ ಶಾಲೆಯ ಮೊದಲ ತರಗತಿಗಳಲ್ಲಿಯೇ ಪರಿಚಯವಾಗುವ ಪದಗಳು. ಆದರೆ ‘ಮಾಡು’ ಮತ್ತು ‘ಮೇಲೆ’ ಎಂಬ ಅರ್ಥಗಳನ್ನು ಕೂಡಿಸಿ ನೋಡಿದರೆ ಸುಳ್ಳಾಗಲಿ ರಾಜಿಯಾಗಲಿ ದೊರೆಯುವುದಿಲ್ಲ. ಇಂತಹ ಪದಗುಚ್ಛದ ಅರ್ಥವು ಎಲ್ಲಿ ನೆಲೆಸಿದೆ, ಅದನ್ನು ಕನ್ನಡಕ್ಕೆ ತರುವಾಗ ಯಾವ ತತ್ತ್ವವನ್ನು ಅನುಸರಿಸಬೇಕು, ದ್ವಿಭಾಷಾ ನಿಘಂಟಿನಲ್ಲಿ ಅದನ್ನು ಹೇಗೆ ದಾಖಲಿಸಬೇಕು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪದಗುಚ್ಛ ಕ್ರಿಯಾಪದದ ಸ್ವರೂಪ

ಕ್ರಿಯಾಪದವೊಂದು ಸಣ್ಣ ಅವ್ಯಯವೊಂದರೊಡನೆ ಸೇರಿ ಹೊಸ ಅರ್ಥವನ್ನು ಪಡೆಯುವ ರಚನೆಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎಂಬ ಹೆಸರಿದೆ. ಈ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಗ್ರಂಥದಿಂದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಅವರು ತಮಗೆ ಈ ಹೆಸರನ್ನು ಸೂಚಿಸಿದರೆಂದು ಸ್ಮಿತ್ ಅಲ್ಲಿ ತಿಳಿಸಿದ್ದಾರೆ. ಹೆಸರು ಹೊಸದಾದರೂ ಸಮಸ್ಯೆ ಹಳೆಯದು. ಸ್ಯಾಮುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ಬಳಿಕ ಸಣ್ಣ ಪದವನ್ನು ಸೇರಿಸಿ ಅರ್ಥವನ್ನು ಮಾರ್ಪಡಿಸುವ ಪದ್ಧತಿಯು ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚಿನ ತೊಡಕನ್ನು ಒಡ್ಡುತ್ತದೆಂದು ಗುರುತಿಸಿ, ಆ ಕಾರಣದಿಂದಲೇ ಅಂತಹ ರಚನೆಗಳನ್ನು ವಿಶೇಷ ಎಚ್ಚರದಿಂದ ಸಂಗ್ರಹಿಸಿರುವುದಾಗಿ ಹೇಳಿದ್ದಾನೆ.

ಇಲ್ಲಿ ‘ಅಪ್’ ಎಂಬ ಅವ್ಯಯದ ಪಾತ್ರವನ್ನು ಮೊದಲು ತಿಳಿಯಬೇಕು. ಅದರ ಮೂಲಾರ್ಥ ದಿಕ್ಕಿಗೆ ಸಂಬಂಧಿಸಿದುದು. ಆದರೆ ‘ಈಟ್ ಅಪ್’, ‘ಯೂಸ್ ಅಪ್’, ‘ಫಿಲ್ ಅಪ್’ ಮೊದಲಾದ ಕಡೆಗಳಲ್ಲಿ ದಿಕ್ಕಿನ ಅರ್ಥ ಹಿಂದೆ ಸರಿದು, ಕ್ರಿಯೆ ಪೂರ್ತಿಗೊಂಡಿತೆಂಬ ಅರ್ಥ ಮುಂದೆ ಬಂದಿದೆ. ಪಾತ್ರೆಯಲ್ಲಿ ನೀರು ಮೇಲೇರುತ್ತ ಹೋದಂತೆ ಪಾತ್ರೆ ತುಂಬುತ್ತದೆ. ಮೇಲೇರುವಿಕೆಗೂ ಪೂರ್ಣತೆಗೂ ಇರುವ ನಂಟನ್ನು ಹೀಗೆ ಊಹಿಸಬಹುದು. ಕನ್ನಡದಲ್ಲಿ ಈ ಪೂರ್ಣತೆಯ ಅರ್ಥವನ್ನು ಅವ್ಯಯದಿಂದಲ್ಲ, ಮತ್ತೊಂದು ಕ್ರಿಯಾಪದದಿಂದ ಪಡೆಯುತ್ತೇವೆ: ತಿಂದುಬಿಡು, ಮುಗಿಸಿಬಿಡು, ಹರಿದುಹಾಕು. ‘ತಿಂದುಬಿಡು’ ಎಂಬಲ್ಲಿ ‘ಬಿಡು’ ಎಂಬುದಕ್ಕೆ ತ್ಯಜಿಸುವ ಅರ್ಥವಿಲ್ಲ. ‘ಈಟ್ ಅಪ್’ ಎಂಬಲ್ಲಿ ‘ಅಪ್’ ಎಂಬುದಕ್ಕೆ ಮೇಲಿನ ದಿಕ್ಕಿನ ಅರ್ಥವಿಲ್ಲ. ಎರಡು ಭಾಷೆಗಳ ಸಾಧನಗಳು ಬೇರೆ. ಸಾಧಿಸಿದ ಕಾರ್ಯ ಒಂದೇ.

ಅರ್ಥಗಳ ವಿಂಗಡಣೆ

‘ಮೇಕ್ ಅಪ್’ ಎಂಬುದರ ಪ್ರಚಲಿತ ಬಳಕೆಗಳನ್ನು ಆರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಕೊರತೆಯನ್ನು ತುಂಬುವ ಅರ್ಥ. ತಂಡಕ್ಕೆ ಒಬ್ಬ ಆಟಗಾರ ಕಡಿಮೆಯಾದಾಗ ಸಂಖ್ಯೆಯನ್ನು ಭರ್ತಿ ಮಾಡಲು, ಹಣದಲ್ಲಿ ಬಂದ ವ್ಯತ್ಯಾಸವನ್ನು ತುಂಬಿಕೊಡಲು, ತಡವಾದ ರೈಲು ವೇಗವನ್ನು ಹೆಚ್ಚಿಸಿ ಕಳೆದ ಸಮಯವನ್ನು ಸರಿದೂಗಿಸಿಕೊಳ್ಳಲು ಇದೇ ಪದಗುಚ್ಛ ಬಳಕೆಯಾಗುತ್ತದೆ.

ಎರಡನೆಯದು ಘಟಕಗಳು ಕೂಡಿ ಸಮಗ್ರವಾದುದೊಂದು ಆಗುವ ಅರ್ಥ. ಏಳು ಮಂದಿ ಸೇರಿ ಒಂದು ಸಮಿತಿಯಾಗುವುದು, ಹಲವು ರಾಜ್ಯಗಳು ಸೇರಿ ಒಂದು ಒಕ್ಕೂಟವಾಗುವುದು ಈ ಗುಂಪಿಗೆ ಸೇರುತ್ತವೆ.

ಮೂರನೆಯದು ಬಿಡಿಭಾಗಗಳನ್ನು ಜೋಡಿಸಿ ಬಳಕೆಗೆ ಸಿದ್ಧಪಡಿಸುವ ಅರ್ಥ. ಅತಿಥಿಗೆ ಹಾಸಿಗೆಯನ್ನು ಅಣಿಗೊಳಿಸುವುದು, ವೈದ್ಯರ ಚೀಟಿಯಂತೆ ಔಷಧವನ್ನು ಬೆರೆಸಿಕೊಡುವುದು, ಮುದ್ರಣಾಲಯದಲ್ಲಿ ಅಕ್ಷರದ ಸಾಲುಗಳನ್ನೂ ಚಿತ್ರಗಳನ್ನೂ ಹೊಂದಿಸಿ ಪುಟವನ್ನು ರೂಪಿಸುವುದು ಇದರ ನಿದರ್ಶನಗಳು. ನಟನನ್ನು ಪಾತ್ರಕ್ಕೆ ಸಿದ್ಧಗೊಳಿಸುವುದೂ ಮೂಲತಃ ಈ ಗುಂಪಿನದೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯಲ್ಲಿ ಈ ಪದಗುಚ್ಛವು ಉಡುಪು ಮತ್ತು ಮುಖದ ಬಣ್ಣ ಎರಡನ್ನೂ ಒಳಗೊಂಡಿತ್ತು; ಕಾಲಕ್ರಮದಲ್ಲಿ ಅರ್ಥ ಸಂಕುಚಿತಗೊಂಡು ಮುಖದ ಬಣ್ಣಕ್ಕೆ ಸೀಮಿತವಾಯಿತು; ಅಲ್ಲಿಂದ ರಂಗಭೂಮಿಯನ್ನು ದಾಟಿ ನಿತ್ಯದ ಸೌಂದರ್ಯಸಾಧನಗಳಿಗೆ ವಿಸ್ತರಿಸಿತು.

ನಾಲ್ಕನೆಯದು ಇಲ್ಲದ ಸಂಗತಿಯನ್ನು ಕಲ್ಪಿಸುವ ಅರ್ಥ. ಇಲ್ಲಿ ಎರಡು ಛಾಯೆಗಳಿವೆ. ಅಜ್ಜಿ ಮೊಮ್ಮಕ್ಕಳಿಗಾಗಿ ಆ ಕ್ಷಣದಲ್ಲಿ ಕಥೆಯೊಂದನ್ನು ಹೊಸೆಯುವುದಕ್ಕೂ, ತಪ್ಪು ಮಾಡಿದವನು ತಪ್ಪಿಸಿಕೊಳ್ಳಲು ನೆಪವೊಂದನ್ನು ಹೂಡುವುದಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ಪದಗುಚ್ಛ ಸಲ್ಲುತ್ತದೆ. ಮೊದಲನೆಯದರಲ್ಲಿ ಮೆಚ್ಚುಗೆಯಿದೆ, ಎರಡನೆಯದರಲ್ಲಿ ಆರೋಪವಿದೆ.

ಐದನೆಯದು ಜಗಳದ ಬಳಿಕ ಹೊಂದಿಕೊಳ್ಳುವ ಅರ್ಥ. ಮುರಿದುದನ್ನು ಮತ್ತೆ ಕೂಡಿಸಿ ಪೂರ್ಣಗೊಳಿಸುವುದೆಂಬ ಭಾವ ಇಲ್ಲಿ ಸಂಬಂಧಗಳಿಗೆ ಅನ್ವಯಗೊಂಡಿದೆ.

ಆರನೆಯದು ‘ಮೇಕ್ ಅಪ್ ಒನ್ಸ್ ಮೈಂಡ್’ ಎಂಬ ಸ್ಥಿರ ರೂಪ. ಚದುರಿದ್ದ ಯೋಚನೆಗಳನ್ನು ಒಂದು ನೆಲೆಗೆ ತಂದು ತೀರ್ಮಾನಕ್ಕೆ ಬರುವುದು ಇದರ ಅರ್ಥ.

ಈ ಆರೂ ಗುಂಪುಗಳ ಹಿಂದೆ ‘ಕೂಡಿಸಿ ಪೂರ್ಣಗೊಳಿಸು’ ಎಂಬ ಒಂದು ಸಾಮಾನ್ಯ ಭಾವವನ್ನು ಕಾಣಬಹುದು. ಕೊರತೆ ತುಂಬಿದರೆ ಮೊತ್ತ ಪೂರ್ಣ. ಘಟಕಗಳು ಕೂಡಿದರೆ ಸಮಿತಿ ಪೂರ್ಣ. ಮನಸ್ತಾಪ ನೀಗಿದರೆ ಸ್ನೇಹ ಪೂರ್ಣ. ಆದರೆ ಈ ಸಾಮಾನ್ಯ ಭಾವವನ್ನು ತಿಳಿದ ಮಾತ್ರಕ್ಕೆ ನಿರ್ದಿಷ್ಟ ವಾಕ್ಯವೊಂದರಲ್ಲಿ ಯಾವ ಅರ್ಥ ಸಲ್ಲುತ್ತದೆಂಬುದು ತಿಳಿಯದು. ಅದನ್ನು ನಿರ್ಣಯಿಸುವುದು ಪದಗುಚ್ಛದ ಸಂಗಡ ಬರುವ ಇತರ ಪದಗಳು. ಕಥೆ, ನೆಪ, ಹೆಸರು ಎಂಬ ಕರ್ಮಪದಗಳು ಬಂದರೆ ಕಲ್ಪನೆಯ ಅರ್ಥ. ನಷ್ಟ, ಸಮಯ, ವ್ಯತ್ಯಾಸ ಎಂಬವು ಬಂದರೆ ತುಂಬುವ ಅರ್ಥ. ಹಾಸಿಗೆ, ಪುಟ, ಔಷಧ ಎಂಬವು ಬಂದರೆ ಸಿದ್ಧಪಡಿಸುವ ಅರ್ಥ. ಅರ್ಥವು ‘ಮೇಕ್’ ಎಂಬುದರಲ್ಲಿಯೂ ಇಲ್ಲ, ‘ಅಪ್’ ಎಂಬುದರಲ್ಲಿಯೂ ಪೂರ್ತಿಯಾಗಿ ಇಲ್ಲ. ಅದು ಸಹವಾಸದಿಂದ ಹುಟ್ಟುತ್ತದೆ.

ವಾಕ್ಯರಚನೆಯ ಕೆಲವು ನಿಯಮಗಳು

ಸಹವಾಸವೆಂದರೆ ಕರ್ಮಪದ ಮಾತ್ರವಲ್ಲ, ವಾಕ್ಯದ ರಚನೆಯೂ ಹೌದು. ಈ ದೃಷ್ಟಿಯಿಂದ ನಾಲ್ಕು ಅಂಶಗಳು ಗಮನಾರ್ಹವಾಗಿವೆ.

ಒಂದು, ಕರ್ಮಪದದ ಸ್ಥಾನ. ನಾಮಪದವು ಕರ್ಮವಾದಾಗ ‘ಮೇಕ್ ಅಪ್ ಎ ಸ್ಟೋರಿ’ ಎಂದೂ ‘ಮೇಕ್ ಎ ಸ್ಟೋರಿ ಅಪ್’ ಎಂದೂ ಹೇಳಬಹುದು. ಸರ್ವನಾಮವು ಕರ್ಮವಾದಾಗ ಅದು ನಡುವೆಯೇ ಬರಬೇಕು: ‘ಮೇಕ್ ಇಟ್ ಅಪ್’. ‘ಮೇಕ್ ಅಪ್ ಇಟ್’ ಎಂಬುದು ಅಸಾಧು. ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಇಲ್ಲಿ ಎಡವುವುದು ಸಹಜ. ಕನ್ನಡದಲ್ಲಿ ಕರ್ಮಪದ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೊದಲೇ ಬರುವುದರಿಂದ, ಕ್ರಿಯಾಪದದ ನಡುವೆ ಸರ್ವನಾಮವನ್ನು ಇರಿಸುವ ಅಭ್ಯಾಸ ನಮಗಿಲ್ಲ.

ಎರಡು, ‘ಫಾರ್’ ಎಂಬ ಉಪಸರ್ಗದ ಸೇರ್ಪಡೆ. ‘ಮೇಕ್ ಅಪ್ ಫಾರ್’ ಎಂದಾಗ ಒಂದರ ದೋಷವನ್ನು ಮತ್ತೊಂದರ ಗುಣವು ಸರಿದೂಗಿಸುತ್ತದೆಂದು ಅರ್ಥ. ಅನುಭವದ ಕೊರತೆಯನ್ನು ಉತ್ಸಾಹದಿಂದ ತುಂಬುವುದು ಇದರ ನಿದರ್ಶನ. ಇಲ್ಲಿ ಮೂರು ಪದಗಳೂ ಒಟ್ಟಿಗೆ ಇರುತ್ತವೆ. ನಡುವೆ ಕರ್ಮಪದಕ್ಕೆ ಎಡೆಯಿಲ್ಲ.

ಮೂರು, ‘ಮೇಡ್ ಅಪ್ ಆಫ್’ ಎಂಬ ಕರ್ಮಣಿ ರೂಪ. ಇದನ್ನು ‘ಮೇಡ್ ಆಫ್’ ಎಂಬುದರೊಡನೆ ಬೆರೆಸಬಾರದು. ಮೇಜು ಮರದಿಂದಾದುದು ಎನ್ನುವಾಗ ‘ಮೇಡ್ ಆಫ್’. ಸಮಿತಿ ಏಳು ಸದಸ್ಯರನ್ನುಳ್ಳದ್ದು ಎನ್ನುವಾಗ ‘ಮೇಡ್ ಅಪ್ ಆಫ್’. ಮೊದಲನೆಯದು ವಸ್ತುವಿನ ದ್ರವ್ಯವನ್ನು ಹೇಳುತ್ತದೆ. ಎರಡನೆಯದು ಬಿಡಿಯಾಗಿ ಗುರುತಿಸಬಹುದಾದ ಘಟಕಗಳನ್ನು ಹೇಳುತ್ತದೆ.

ನಾಲ್ಕು, ರಾಜಿಯ ಅರ್ಥದ ರಚನೆ. ‘ದೇ ಮೇಡ್ ಅಪ್’ ಎಂದು ಕರ್ಮಪದವಿಲ್ಲದೆ ಬಂದಾಗ, ಅಥವಾ ‘ವಿತ್’ ಎಂಬ ಉಪಸರ್ಗದೊಡನೆ ಬಂದಾಗ, ರಾಜಿಯ ಅರ್ಥವೇ ಸಾಮಾನ್ಯ. ‘ಇಟ್’ ಎಂಬ ಸರ್ವನಾಮ ನಡುವೆ ಬಂದಾಗ ಮಾತ್ರ ಸಂದಿಗ್ಧ ಏಳುತ್ತದೆ. ಆಗ ‘ಇಟ್’ ಹಿಂದಿನ ವಾಕ್ಯದ ಯಾವ ನಾಮಪದವನ್ನು ಸೂಚಿಸುತ್ತದೆಂದು ಹುಡುಕಬೇಕು. ಹಿಂದೆ ಕಥೆಯೋ ಹೇಳಿಕೆಯೋ ಇದ್ದರೆ ಕಲ್ಪನೆಯ ಅರ್ಥ. ಜಗಳವಿದ್ದರೆ, ಅಥವಾ ‘ಇಟ್’ ನಿರ್ದಿಷ್ಟವಾಗಿ ಏನನ್ನೂ ಸೂಚಿಸದಿದ್ದರೆ, ರಾಜಿಯ ಅರ್ಥ. ಪ್ರವೇಶಭಾಗದಲ್ಲಿ ನೋಡಿದ ವಾಕ್ಯದ ಕೀಲಿಕೈ ಇಲ್ಲಿದೆ. ಆ ವಾಕ್ಯವನ್ನು ಒಂಟಿಯಾಗಿ ಅನುವಾದಿಸಲು ಸಾಧ್ಯವಿಲ್ಲ. ಅದರ ಹಿಂದಿನ ವಾಕ್ಯವನ್ನು ಓದದೆ ಅನುವಾದಿಸಲೂ ಬಾರದು.

ಕನ್ನಡಕ್ಕೆ ಬಂದ ‘ಮೇಕಪ್’

ಇಷ್ಟು ವಿಸ್ತಾರವಾದ ಬಳಕೆಯುಳ್ಳ ಪದಗುಚ್ಛದಿಂದ ಕನ್ನಡವು ಎರವಲು ಪಡೆದದ್ದು ಸಣ್ಣ ಪಾಲನ್ನು ಮಾತ್ರ. ನಾಟಕ, ಚಲನಚಿತ್ರಗಳ ಮೂಲಕ ನಮ್ಮಲ್ಲಿ ನೆಲೆಗೊಂಡ ‘ಮೇಕಪ್’ ಎಂಬ ಪದಕ್ಕೆ ಮುಖಾಲಂಕಾರವೆಂಬುದೇ ಪ್ರಧಾನ ಅರ್ಥ. ಎರವಲಿನ ಈ ಕ್ರಮದಲ್ಲಿ ಎರಡು ಸ್ವಾರಸ್ಯಗಳಿವೆ.

ಮೊದಲನೆಯದಾಗಿ, ಕನ್ನಡವು ಸ್ವೀಕರಿಸಿದ್ದು ಕ್ರಿಯಾಪದವನ್ನಲ್ಲ, ನಾಮಪದವನ್ನು. ಇಂಗ್ಲಿಷಿನಲ್ಲಿ ಇವೆರಡನ್ನು ಉಚ್ಚಾರಣೆಯಿಂದಲೇ ಬೇರ್ಪಡಿಸಬಹುದು: ನಾಮಪದದಲ್ಲಿ ಒತ್ತು ‘ಮೇಕ್’ ಎಂಬುದರ ಮೇಲೆ, ಕ್ರಿಯಾಪದದಲ್ಲಿ ಸಾಮಾನ್ಯವಾಗಿ ‘ಅಪ್’ ಎಂಬುದರ ಮೇಲೆ. ಕನ್ನಡದಲ್ಲಿ ಎರಡು ಪದಗಳು ಬೆಸೆದು ಒಂದಾದುವು. ಒಳಗಿದ್ದ ‘ಮೇಕ್’ ತನ್ನ ಕ್ರಿಯಾರ್ಥವನ್ನು ಕಳೆದುಕೊಂಡಿತು. ಆದುದರಿಂದಲೇ ನಾವು ‘ಮೇಕಪ್ ಮಾಡು’ ಎನ್ನುತ್ತೇವೆ. ‘ಮೇಕ್’ ಎಂದರೆ ‘ಮಾಡು’ ಎಂದೇ ಅರ್ಥವಾದರೂ ಮತ್ತೊಂದು ‘ಮಾಡು’ ಬೇಕಾಗುತ್ತದೆ. ಇದು ದೋಷವಲ್ಲ, ಎರವಲು ಪದವು ಪೂರ್ತಿಯಾಗಿ ಕನ್ನಡದ್ದಾಗಿದೆ ಎಂಬುದಕ್ಕೆ ಸಾಕ್ಷ್ಯ. ಅಷ್ಟೇ ಅಲ್ಲದೆ, ‘ಮೇಕಪ್ ಮಾಡಿದಳು’ ಮತ್ತು ‘ಮೇಕಪ್ ಮಾಡಿಕೊಂಡಳು’ ಎಂಬ ವ್ಯತ್ಯಾಸವನ್ನು ‘ಕೊಳ್ಳು’ ಎಂಬುದರ ಬಲದಿಂದ ಕನ್ನಡ ಸುಲಭವಾಗಿ ಸಾಧಿಸುತ್ತದೆ.

ಎರಡನೆಯದಾಗಿ, ಈ ಎರವಲು ಪದ ಬರುವ ಮೊದಲು ಕನ್ನಡದಲ್ಲಿ ಪದಗಳಿಗೆ ಅಭಾವವಿರಲಿಲ್ಲ. ಯಕ್ಷಗಾನದಲ್ಲಿ ಮುಖವರ್ಣಿಕೆ, ಬಣ್ಣಗಾರಿಕೆ ಎಂಬ ಪದಗಳಿವೆ. ಕಲಾವಿದರು ಸಿದ್ಧರಾಗುವ ಸ್ಥಳಕ್ಕೆ ಚೌಕಿ ಎಂಬ ಹೆಸರಿದೆ. ವೃತ್ತಿರಂಗಭೂಮಿಯಲ್ಲಿ ‘ಬಣ್ಣ ಹಚ್ಚು’ ಎಂಬ ಮಾತು ನಟನೆಗೇ ಪರ್ಯಾಯವಾಗಿ ನಿಂತಿದೆ. ಎಲ್ಲಕ್ಕೂ ಮಿಗಿಲಾಗಿ ‘ವೇಷ ಕಟ್ಟು’ ಎಂಬ ಪ್ರಯೋಗವಿದೆ. ಉಡುಪು, ಆಭರಣ, ಬಣ್ಣ ಎಲ್ಲವನ್ನೂ ಕೂಡಿಸಿ ಪಾತ್ರವನ್ನು ಪೂರ್ಣಗೊಳಿಸುವ ಈ ಮಾತು, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯ ‘ಮೇಕ್ ಅಪ್’ ಎಂಬುದಕ್ಕೆ, ಇಂದಿನ ‘ಮೇಕಪ್’ಗಿಂತಲೂ ಹತ್ತಿರವಾದುದು.

ಇತ್ತೀಚೆಗೆ ಈ ಪದಗುಚ್ಛದ ಮತ್ತೊಂದು ಅರ್ಥವೂ ನಮ್ಮಲ್ಲಿ ಕಾಲಿರಿಸಿದೆ. ರಾಜ್ಯದ ಕೆಲವು ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಮೇಕಪ್ ಪರೀಕ್ಷೆ’ ಎಂಬುದು ಬಳಕೆಯಲ್ಲಿದೆ. ಮುಖಾಲಂಕಾರದ ಅರ್ಥವನ್ನಷ್ಟೇ ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕಳೆದುದನ್ನು ತುಂಬಿಕೊಳ್ಳುವ ಮೊದಲನೆಯ ಗುಂಪಿನ ಅರ್ಥವೇ ಇಲ್ಲಿ ಬಂದಿದೆ. ತಪ್ಪಿದ ಪರೀಕ್ಷೆಯನ್ನು ತುಂಬಿಕೊಡುವ ಅವಕಾಶವೆಂದು ಇದರ ಭಾವ.

‘ಕಟ್ಟು’ ಎಂಬ ಧಾತುವಿನ ಸಾದೃಶ್ಯ

‘ವೇಷ ಕಟ್ಟು’ ಎಂಬ ಪ್ರಯೋಗವು ಒಂದು ಮುಖ್ಯ ಸಂಗತಿಯತ್ತ ನಮ್ಮ ಗಮನವನ್ನು ಸೆಳೆಯುತ್ತದೆ. ‘ಮೇಕ್ ಅಪ್’ ಎಂಬುದಕ್ಕೆ ಕನ್ನಡದಲ್ಲಿ ಸಮಾನಪದವಿಲ್ಲವೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ‘ಕಟ್ಟು’ ಧಾತುವಿನ ಪ್ರಯೋಗಗಳನ್ನು ಸಾಲಾಗಿ ಇರಿಸಿ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಕಥೆಯನ್ನು ಕಟ್ಟುತ್ತೇವೆ, ಸುಳ್ಳಾದ ಕಥೆಗೆ ‘ಕಟ್ಟುಕಥೆ’ ಎನ್ನುತ್ತೇವೆ. ವೇಷವನ್ನು ಕಟ್ಟುತ್ತೇವೆ. ಪತ್ರಿಕಾಲಯದಲ್ಲಿ ಪುಟವನ್ನು ಕಟ್ಟುತ್ತಾರೆ. ಔಷಧದ ಪುಡಿಯನ್ನು ಪೊಟ್ಟಣ ಕಟ್ಟಿಕೊಡುತ್ತಾರೆ. ತಂಡವನ್ನು, ಸಂಘವನ್ನು ಕಟ್ಟುತ್ತೇವೆ. ಬೇರೆಯವರಿಗೆ ಹಾನಿ ಮಾಡಿದವನು ನಷ್ಟವನ್ನು ಕಟ್ಟಿಕೊಡಬೇಕಾಗುತ್ತದೆ. ಕಲ್ಪಿಸುವುದು, ಸಿದ್ಧಪಡಿಸುವುದು, ಘಟಕಗಳನ್ನು ಕೂಡಿಸುವುದು, ಕೊರತೆಯನ್ನು ತುಂಬುವುದು ಎಂಬ ನಾಲ್ಕು ಅರ್ಥಗಳ ಹೆಚ್ಚಿನ ಭಾಗವನ್ನು ಈ ಒಂದು ಧಾತುವೇ ವ್ಯಾಪಿಸಿದೆ. ಕಿಟ್ಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಈ ಧಾತುವಿಗೆ ಅನೇಕ ಅರ್ಥಗಳನ್ನು ನೀಡಲಾಗಿರುವುದು ಆಕಸ್ಮಿಕವಲ್ಲ.

ಹಾಗೆಂದು ‘ಕಟ್ಟು’ ಎಂಬುದನ್ನು ಎಲ್ಲೆಡೆಯೂ ಇರಿಸಲಾಗದು. ರಾಜಿಯ ಅರ್ಥಕ್ಕೆ ಅದು ಸಲ್ಲುವುದಿಲ್ಲ. ಅಲ್ಲಿ ಕೂಡು, ಒಂದಾಗು, ರಾಜಿಯಾಗು ಎಂಬವು ಬೇಕು. ನಿರ್ಧಾರದ ಅರ್ಥದಲ್ಲಿ ‘ಮನಸ್ಸು ಮಾಡು’ ಎಂಬ ಪ್ರಯೋಗ ಮೇಲುನೋಟಕ್ಕೆ ತೀರ ಸಮೀಪವೆನಿಸುತ್ತದೆ. ಆದರೆ ಇಲ್ಲಿ ಎಚ್ಚರ ಅಗತ್ಯ. ‘ತಾವು ಮನಸ್ಸು ಮಾಡಿದರೆ ಈ ಕೆಲಸ ಆಗುತ್ತದೆ’ ಎಂದಾಗ ಕನ್ನಡಿಗನು ಸೂಚಿಸುವುದು ಒಪ್ಪಿಗೆಯನ್ನು, ಒಲವನ್ನು. ಇಂಗ್ಲಿಷಿನ ಸ್ಥಿರ ರೂಪವಾದರೋ ಎರಡು ಪಕ್ಷಗಳ ನಡುವೆ ಒಂದನ್ನು ಆರಿಸಿಕೊಂಡ ತೀರ್ಮಾನವನ್ನು ಹೇಳುತ್ತದೆ. ಆ ತೀರ್ಮಾನ ನಿರಾಕರಣೆಯೂ ಆಗಿರಬಹುದು. ಆದುದರಿಂದ ಅದಕ್ಕೆ ‘ನಿರ್ಧರಿಸು’, ‘ತೀರ್ಮಾನಕ್ಕೆ ಬರು’ ಎಂಬವೇ ಸುರಕ್ಷಿತ.

ಘಟಕಗಳ ಅರ್ಥದಲ್ಲಿ ಮತ್ತೊಂದು ಬಗೆಯ ತೊಡಕು ಕಾಣಿಸುತ್ತದೆ. ‘ಸಮಿತಿಯು ಏಳು ಸದಸ್ಯರಿಂದ ಮಾಡಲ್ಪಟ್ಟಿದೆ’ ಎಂಬ ವಾಕ್ಯವು ಇಂಗ್ಲಿಷಿನ ಕರ್ಮಣಿ ರೂಪದ ಅಚ್ಚು. ಕನ್ನಡದ ಜಾಯಮಾನಕ್ಕೆ ‘ಸಮಿತಿಯಲ್ಲಿ ಏಳು ಮಂದಿ ಸದಸ್ಯರಿದ್ದಾರೆ’ ಎಂಬುದೇ ಸಹಜ. ಇಂಗ್ಲಿಷಿನ ಕ್ರಿಯಾಪದಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಕ್ರಿಯಾಪದವೊಂದು ಇರಲೇಬೇಕೆಂಬ ನಿಯಮವಿಲ್ಲ. ಸಪ್ತಮೀ ವಿಭಕ್ತಿಯೂ ‘ಇರು’ ಎಂಬ ಧಾತುವೂ ಕೂಡಿ ಆ ಕೆಲಸವನ್ನು ನಿರ್ವಹಿಸುತ್ತವೆ.

ವಿರುದ್ಧ ದಿಕ್ಕಿನ ಅನುವಾದದಲ್ಲಿಯೂ ಈ ವಿವೇಚನೆ ಪ್ರಯೋಜನಕಾರಿ. ನಮ್ಮ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯವು ಉಚ್ಚ ನ್ಯಾಯಾಲಯದ ಹಂತದಲ್ಲಿ ಇಂಗ್ಲಿಷಿಗೆ ಅನುವಾದಗೊಳ್ಳುವುದುಂಟು. ಸಾಕ್ಷಿಯೊಬ್ಬನು ‘ಆಮೇಲೆ ಅವರು ರಾಜಿಯಾದರು’ ಎಂದು ನುಡಿದುದಕ್ಕೆ ‘ದೇ ಮೇಡ್ ಇಟ್ ಅಪ್’ ಎಂದು ಅನುವಾದಿಸಿದರೆ ವ್ಯಾಕರಣದ ತಪ್ಪಿಲ್ಲ. ಆದರೂ ಓದುವವರಿಗೆ ‘ಅವರು ಅದನ್ನು ಕಟ್ಟಿ ಹೇಳಿದರು’ ಎಂಬ ಅರ್ಥ ಹೊಳೆಯುವ ಅಪಾಯವಿದೆ. ಸಂದಿಗ್ಧಕ್ಕೆ ಅವಕಾಶವಿರಬಾರದ ಇಂತಹ ಬರಹಗಳಲ್ಲಿ ಈ ಪದಗುಚ್ಛವನ್ನು ಕೈಬಿಟ್ಟು, ಏಕಾರ್ಥವುಳ್ಳ ಕ್ರಿಯಾಪದವನ್ನು ಬಳಸುವುದೇ ವಿಹಿತ.

ನಿಘಂಟಿನಲ್ಲಿ ದಾಖಲಿಸುವ ಕ್ರಮ

ಇಂಗ್ಲಿಷ್–ಕನ್ನಡ ನಿಘಂಟುಗಳ ಪರಂಪರೆ 1824ರಲ್ಲಿ ಪ್ರಕಟವಾದ ವಿಲಿಯಂ ರೀವ್ ಅವರ ನಿಘಂಟಿನಿಂದ ಮೊದಲ್ಗೊಂಡು, 1946ರ ಮೈಸೂರು ವಿಶ್ವವಿದ್ಯಾನಿಲಯದ ನಿಘಂಟಿನ ಮೂಲಕ ಬೆಳೆದು ಬಂದಿದೆ. ಈ ಪರಂಪರೆಯ ಉಪಕಾರವನ್ನು ಸ್ಮರಿಸುತ್ತಲೇ, ಪದಗುಚ್ಛ ಕ್ರಿಯಾಪದಗಳ ವಿಷಯದಲ್ಲಿ ಒಂದು ಸಲಹೆಯನ್ನು ಮುಂದಿಡಬಹುದು. ‘ಕಲ್ಪಿಸು, ತುಂಬು, ರಚಿಸು, ಅಲಂಕರಿಸು, ರಾಜಿಯಾಗು’ ಎಂದು ಸಮಾನಪದಗಳನ್ನು ಸಾಲಾಗಿ ಕೊಟ್ಟರೆ ಅರ್ಥಗಳೆಲ್ಲ ಬಂದಂತಾಗುತ್ತದೆ. ಆದರೆ ಯಾವುದನ್ನು ಎಲ್ಲಿ ಆರಿಸಬೇಕೆಂಬುದು ಓದುಗನಿಗೆ ತಿಳಿಯುವುದಿಲ್ಲ. ಈಗಾಗಲೇ ಅರ್ಥ ಬಲ್ಲವನಿಗೆ ಮಾತ್ರ ಅಂತಹ ಪಟ್ಟಿ ನೆರವಾಗುತ್ತದೆ. ಅದರ ಬದಲು ಸಹವಾಸವನ್ನು ಆಧಾರವಾಗಿ ಇರಿಸಿಕೊಂಡು ನಮೂದನ್ನು ಹೀಗೆ ರೂಪಿಸಬಹುದು:

1. ಕಥೆ, ನೆಪ, ಹೆಸರು ಕರ್ಮವಾದಾಗ: ಕಟ್ಟು, ಹೊಸೆ, ಹೂಡು.
2. ನಷ್ಟ, ಸಮಯ, ವ್ಯತ್ಯಾಸ ಕರ್ಮವಾದಾಗ, ಅಥವಾ ‘ಫಾರ್’ ಸೇರಿದಾಗ: ತುಂಬಿಕೊಡು, ಸರಿದೂಗಿಸು, ಕಟ್ಟಿಕೊಡು.
3. ಘಟಕಗಳು ಕರ್ತೃವಾದಾಗ, ಅಥವಾ ‘ಮೇಡ್ ಅಪ್ ಆಫ್’ ಎಂದಾಗ: ಕೂಡಿ ಆಗು, ಒಳಗೊಂಡಿರು, ಹಲವೆಡೆ ಸಪ್ತಮಿಯೊಡನೆ ‘ಇರು’.
4. ಪುಟ, ಔಷಧ, ಹಾಸಿಗೆ ಕರ್ಮವಾದಾಗ: ಕ್ರಮವಾಗಿ ಕಟ್ಟು, ಬೆರೆಸಿಕೊಡು, ಹಾಸಿ ಅಣಿಮಾಡು.
5. ಮುಖ ಅಥವಾ ನಟ ಕರ್ಮವಾದಾಗ: ಬಣ್ಣ ಹಚ್ಚು, ಮೇಕಪ್ ಮಾಡು, ವೇಷ ಕಟ್ಟು.
6. ಕರ್ಮವಿಲ್ಲದಾಗ, ‘ವಿತ್’ ಸೇರಿದಾಗ, ಅಥವಾ ಹಿಂದೆ ಜಗಳದ ಪ್ರಸ್ತಾಪವಿದ್ದು ‘ಇಟ್’ ಬಂದಾಗ: ರಾಜಿಯಾಗು, ಒಂದಾಗು.
7. ‘ಮೈಂಡ್’ ಕರ್ಮವಾದಾಗ: ನಿರ್ಧರಿಸು, ತೀರ್ಮಾನಕ್ಕೆ ಬರು.

ಇಂತಹ ನಮೂದು ಪಟ್ಟಿಗಿಂತ ಹೆಚ್ಚಿನ ಸ್ಥಳವನ್ನು ಬೇಡುತ್ತದೆಂಬುದು ನಿಜ. ಆದರೆ ಪ್ರಯೋಗಸಹಿತವಾಗಿ ಅರ್ಥವನ್ನು ನೀಡುವ ಪದ್ಧತಿ ನಮಗೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಈ ಪದ್ಧತಿಯನ್ನು ಏಕಭಾಷಾ ನಿಘಂಟಿನಲ್ಲಿ ಸಾಧಿಸಿ ತೋರಿಸಿದೆ. ಅದೇ ಶ್ರದ್ಧೆಯನ್ನು ದ್ವಿಭಾಷಾ ನಿಘಂಟಿಗೆ ವಿಸ್ತರಿಸುವುದಷ್ಟೇ ಉಳಿದಿರುವ ಕೆಲಸ.

ಉಪಸಂಹಾರ

‘ಮೇಕ್ ಅಪ್’ ಎಂಬುದು ಇಂಗ್ಲಿಷಿನ ನೂರಾರು ಪದಗುಚ್ಛ ಕ್ರಿಯಾಪದಗಳಲ್ಲಿ ಒಂದು ಮಾತ್ರ. ಆದರೆ ಅದರ ಪರಿಶೀಲನೆಯಿಂದ ಹೊರಟ ತತ್ತ್ವ ಇತರ ಪದಗುಚ್ಛಗಳಿಗೂ ಅನ್ವಯಿಸುತ್ತದೆ. ಅರ್ಥವನ್ನು ಬಿಡಿಪದಗಳಲ್ಲಿ ಹುಡುಕದೆ ಅವುಗಳ ಸಹವಾಸದಲ್ಲಿ ಹುಡುಕಬೇಕು. ಸಮಾನಪದವನ್ನು ಪದಕ್ಕೆ ಪದವಾಗಿ ಅರಸದೆ ಪ್ರಯೋಗಕ್ಕೆ ಪ್ರಯೋಗವಾಗಿ ಅರಸಬೇಕು. ಹೀಗೆ ಅರಸಿದಾಗ ಕನ್ನಡದ ಸ್ವಂತ ಧಾತುಗಳ ಶಕ್ತಿಯೂ ನಮಗೆ ಮನವರಿಕೆಯಾಗುತ್ತದೆ. ‘ಕಟ್ಟು’ ಎಂಬ ಧಾತುವು ಇಷ್ಟು ಅರ್ಥಗಳನ್ನು ಹೊತ್ತಿರುವುದನ್ನು ಕನ್ನಡವನ್ನಷ್ಟೇ ಓದುವಾಗ ನಾವು ಗಮನಿಸುವುದು ವಿರಳ. ಮತ್ತೊಂದು ಭಾಷೆಯ ತೊಡಕನ್ನು ಬಿಡಿಸಲು ಹೊರಟಾಗಲೇ ಅದು ಎದ್ದು ಕಾಣುತ್ತದೆ. ಕಟ್ಟು, ತುಂಬು, ಕೂಡು, ಹಾಕು, ಬಿಡು ಮೊದಲಾದ ಧಾತುಗಳ ಸಹಪ್ರಯೋಗಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿದರೆ ಅನುವಾದಕರಿಗೂ ನಿಘಂಟುಕಾರರಿಗೂ ಅದು ಉಪಯುಕ್ತ ಆಕರವಾಗುವುದರಲ್ಲಿ ಸಂದೇಹವಿಲ್ಲ.